ದೊಡ್ಡಪ್ಪನ ಬಿಳಿ ಶೂ

ಇವತ್ತು ಮಗಳ ಶೂಗೆ ಬಿಳಿ ಪಾಲಿಶ್ ಹಚ್ಚುವಾಗ, ಆ ಸುಣ್ಣದಂಥ ವಾಸನೆಗೆ ನಜರ್‌ಬಾದಿನ ದೊಡ್ಡಪ್ಪ ನೆನಪಾದರು. ದೇವರಾಜ ಮೊಹಲ್ಲಾದಲ್ಲಿ ಅವರ ಬಟ್ಟೆ ಅಂಗಡಿಯಿತ್ತು. ತಾವೇ ಕಟ್ಟಿದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಭಾನುವಾರ ಮಾತ್ರ ಟೆನಿಸ್‌ಗೆ ಮೀಸಲು. ಶನಿವಾರ ಸಂಜೆಯೇ ಕ್ಯಾನ್ವಾಸ್ ಶೂಗೆ ಪಾಲಿಶ್ ಬಳಿದು ಕಾಂಪೌಂಡ್ ಗೋಡೆಯ ಮೇಲೆ ಒಣಗಲು ಇಡುತ್ತಿದ್ದರು.

ಒಂದು ಶನಿವಾರ ನನ್ನೆದುರೇ ಪಾಲಿಶ್ ಹಚ್ಚುತ್ತಿದ್ದವರು ಎದೆ ಒತ್ತಿಕೊಂಡು, ಬೆವರುತ್ತಾ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ದೊಡ್ಡಮ್ಮಂಗೆ ಹೇಳ್ಬೇಡ ಕಣಮ್ಮ. ನಾಳೆ ಆಡಕ್ಕೆ ಬುಡಲ್ಲ ಅವಳು."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಉಳಿದ ಒಂದು ಶೂಗೆ ನಾನೇ ಪಾಲಿಶ್ ಹಚ್ಚಿದೆ.

ಮರುದಿನ ಬೆಳಿಗ್ಗೆ ಅವರು ಟೆನಿಸ್ ಕೋರ್ಟಿನಲ್ಲೇ ಕುಸಿದು ತೀರಿಕೊಂಡರು.

ಈಗ ದೊಡ್ಡಮ್ಮ ನಮ್ಮ ಜೊತೆಗೇ ಇದ್ದಾರೆ. ಶೂ ನೋಡಿ ಅವರು ಯಾವಾಗಲೂ ಹೇಳುವುದನ್ನೇ ಇವತ್ತೂ ಹೇಳಿದರು: "ಒಂದು ಮಾತು ಅಂದಿದ್ರೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೆ. ಯಾರಿಗೂ ಹೇಳ್ದೆ ಹೋಗ್ಬುಟ್ರು ಕಣಮ್ಮ."

ನಾನು ತಲೆ ಎತ್ತದೆ ಹೂಂ ಅಂದೆ.