ಅಕ್ಕ ಅಟ್ಟದ ಕಾಯಿ ಇಳಿಸಿದ್ದು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮನಸ್ಸಿನ ಏರಿಳಿತದ ಕಾಯಿಲೆ ಇರುವವರ ಮಿದುಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳನ್ನು ಓದುವ ಸಂಶೋಧನೆ ನನ್ನದು. ಪರದೆಯ ಮೇಲೆ ಒಂದು ಜಾಗ ಬೆಳಗಿತೆಂದರೆ ಮೊದಲು ಅದನ್ನು ನಂಬಬಾರದು. ಒಳಗೆ ಮಲಗಿದವರು ತಲೆ ಅಲ್ಲಾಡಿಸಿರಬಹುದು. ಅದೂ ಅಲ್ಲದೆ, ನೂರಾರು ಜನರ ಚಿತ್ರ ಒಟ್ಟಿಗೆ ಇಟ್ಟಾಗ ಏನೋ ವ್ಯತ್ಯಾಸ ಕಂಡೀತು, ಒಬ್ಬರದನ್ನು ಮಾತ್ರ ನೋಡಿ ಇವರಿಗೆ ಇದೇ ಕಾಯಿಲೆ ಎನ್ನಲು ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಅಂಥವಳು ಅಕ್ಕನನ್ನು ಐದೇ ನಿಮಿಷದಲ್ಲಿ ಓದಿಬಿಟ್ಟೆ.

ಅಕ್ಕನಿಗೂ ಅದೇ ಕಾಯಿಲೆ. ನಾನು ಈ ಓದಿಗೆ ಬಂದದ್ದೂ ಅವಳಿಂದಲೇ. ಮಾಯಸಂದ್ರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಅವಳೂ ಭಾವನೂ ಇದ್ದಾರೆ. ಮಾತ್ರೆ ತಪ್ಪಿಸದೆ ಎಂಟು ವರ್ಷ ಚೆನ್ನಾಗಿದ್ದಾಳೆ. ಅದಕ್ಕೂ ಮೊದಲು ಒಮ್ಮೆ ಕಾಯಿಲೆ ಏರಿದಾಗ, ಮೂರು ದಿನ ನಿದ್ದೆಯಿಲ್ಲದೆ ತೋಟದ ಎಳನೀರನ್ನೆಲ್ಲ ಕೆಡವಿಸಿ, ದಾರಿಯಲ್ಲಿ ಹೋಗುವವರನ್ನು ಕರೆಕರೆದು ಕುಡಿಸಿದ್ದಳು. ಆಮೇಲೆ ಎರಡು ತಿಂಗಳು ಆಸ್ಪತ್ರೆಯಲ್ಲಿ, ನನ್ನ ಮುಖವನ್ನೂ ನೋಡದೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆ ಹೆದರಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಸಲ ರಜೆಗೆ ಹೋದೆ. ತಿಪಟೂರಿನಲ್ಲಿ ರೈಲು ಇಳಿದು, ಬಸ್ಸು ಹಿಡಿದು ಮನೆ ತಲುಪಿದರೆ ಅಕ್ಕ ಏಣಿಯ ಮೇಲಿದ್ದಳು. ಭಾವ ತುರುವೇಕೆರೆಗೆ ಹೋಗಿದ್ದರು. ಒಬ್ಬಳೇ ಅಟ್ಟದ ಕಾಯಿಗಳನ್ನು ಇಳಿಸಿ ಕೊಟ್ಟಿಗೆಗೆ ಹೊರುತ್ತಿದ್ದಳು.

ನಮ್ಮ ಕಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಎನ್ನಬೇಕು. ಇವನ್ನು ಹಾಕಿ ಐದು ತಿಂಗಳೂ ಆಗಿರಲಿಲ್ಲ. ಒಂದನ್ನು ಎತ್ತಿ ಅಲ್ಲಾಡಿಸಿದೆ. ನೀರು ಗುಳುಗುಳು ಎಂದಿತು.

"ಯಾಕಕ್ಕ ಈಗ್ಲೇ ಇಳಿಸ್ತಿದೀಯ?"

"ಆಮೇಲ್ ಹೇಳ್ತೀನಿ ಬುಡು. ಕೈಕಾಲ್ ತೊಳ್ಕೊ ಹೋಗು."

ಮಾತು ಚುರುಕಾಗಿತ್ತು. ಕಣ್ಣು ಹೊಳೆಯುತ್ತಿತ್ತು. ನಾಲ್ಕು ಗಂಟೆಗೇ ಎದ್ದೆ ಎಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಅವಳ ಬೆವರೂ ರೋಗದ ಲಕ್ಷಣವಾಗಿಯೇ ಕಂಡಿತು.

ಅವಳು ಕೊಟ್ಟಿಗೆಗೆ ಹೋದದ್ದೇ ತಡ, ಅಡುಗೆಮನೆಯ ಮಾತ್ರೆ ಡಬ್ಬಿ ತೆಗೆದೆ. ದಿನಕ್ಕೆ ಎರಡರಂತೆ ಇಷ್ಟು ಹೊತ್ತಿಗೆ ಮುಗಿಯಬೇಕಿದ್ದ ಮಾತ್ರೆ ಅರ್ಧಕ್ಕರ್ಧ ಉಳಿದಿತ್ತು. ನಿಲ್ಲಿಸಿಬಿಟ್ಟಿದ್ದಾಳೆ, ಮತ್ತೆ ಆ ಆಸ್ಪತ್ರೆ, ಮತ್ತೆ ಆ ಗೋಡೆ. ಎರಡನೇ ಸಲ ಎಣಿಸುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಎಣ್ಸಿದ್ದಾಯ್ತೇನೇ?"

ಕೈಯಲ್ಲಿದ್ದ ಮಾತ್ರೆಗಳನ್ನು ಡಬ್ಬಿಗೆ ಹಾಕಿದೆ.

"ರಕ್ತ ಪರೀಕ್ಷೆ ಮಾಡ್ಸಿ ಒಂದ್ ಹೊತ್ತಿನ ಮಾತ್ರೆ ಡಾಕ್ಟ್ರೇ ನಿಲ್ಸವ್ರೆ ಕಣೇ. ಚೀಟಿ ಅಲ್ಲೇ ಐತೆ, ನೋಡು. ಫೋನಲ್ಲಿ ಹೇಳಿದ್ನಲ್ಲ, ನೀನ್ ಹೂಂ ಹೂಂ ಅಂದೆ."

ಚೀಟಿ ಡಬ್ಬಿಯ ತಳದಲ್ಲೇ ಇತ್ತು. ಆ ಫೋನೂ ನೆನಪಾಯಿತು. ಅವಳು ಮಾತಾಡುವಾಗ ನಾನು ಪರದೆಯ ಮೇಲೆ ಯಾರದೋ ಮಿದುಳು ನೋಡುತ್ತ ಕೂತಿದ್ದೆ. ನಾಚಿಕೆಯಾಯಿತು. ಆದರೂ ಬಿಡಲಿಲ್ಲ, ನನ್ನ ಜಾಯಮಾನವೇ ಅದು.

"ಮತ್ತೆ ಕಾಯಿ?"

ಅಕ್ಕ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ನಾನು ಬಂದಾಗಲೆಲ್ಲ ಮಲಗುವ ಮಂಚ ಅಲ್ಲಿದೆ. ಅದರ ನೇರ ಮೇಲೆ ಅಟ್ಟವನ್ನು ಹೊತ್ತ ತೊಲೆ.

"ತೊಲೆಗೆ ಗೆದ್ಲು ಹಿಡ್ದೈತೆ. ಮೇಲೆ ಅಷ್ಟು ಭಾರ, ಕೆಳಗ್ ನೀನು ಮಲಗ್ತೀಯ. ಹೇಳಿದ್ರೆ ಬರೋದೇ ಬುಡ್ತೀಯ ಅಂತ ಹೇಳ್ಲಿಲ್ಲ. ನೀನ್ ಬರೋ ಹೊತ್ಗೆ ಇಳ್ಸಿ ಮುಗಿಸ್ಬೇಕು ಅಂದ್ಕಂಡಿದ್ದೆ, ಆಗ್ಲಿಲ್ಲ."

ತೊಲೆಯನ್ನು ನೋಡಿದೆ. ಬಣ್ಣ ಬಳಿದ ಗಟ್ಟಿ ಮರವಾಗಿಯೇ ಕಂಡಿತು. ನಾನು ಆಗಲೂ ನಂಬಲಿಲ್ಲ. ಮಂಚ ಹತ್ತಿ, ತಲೆಯ ಪಿನ್ನು ತೆಗೆದು ತೊಲೆಗೆ ಚುಚ್ಚಿದೆ. ಪಿನ್ನು ಪೂರ್ತಿ ಒಳಗೆ ಹೋಯಿತು, ಹುಡಿ ನನ್ನ ದಿಂಬಿನ ಮೇಲೆ ಉದುರಿತು. ಅಕ್ಕ ಕೆಳಗೆ ನಿಂತು, ನಾನು ಬೀಳದ ಹಾಗೆ ನನ್ನ ಕಾಲು ಹಿಡಿದುಕೊಂಡಿದ್ದಳು.