ಮಾವನ ಅಂಗಿಯ ಅಳತೆ

ಮೂಡುಬಿದಿರೆಯ ಹೊಲಿಗೆ ಶಾಲೆಯಲ್ಲಿ ಪಾಸಾದಾಗ ನನಗೆ ಹದಿನೇಳು. ಸರ್ಟಿಫಿಕೇಟು ತೋಡಾರಿನ ನಮ್ಮ ಮನೆಗೆ ಬಂದ ವಾರದಲ್ಲೇ ನಾನು ಮುಂದೇನು ಮಾಡಬೇಕೆಂಬುದು ಊರಿಗೆಲ್ಲ ಗೊತ್ತಾಗಿಬಿಟ್ಟಿತು. ಮಡಂತ್ಯಾರಿನಲ್ಲಿ ಜವಳಿ ಅಂಗಡಿಯ ಜಗಲಿಯ ಮೇಲೆ ಮೆಷಿನ್ ಹಾಕಿ ಕೂರಲಿ ಎಂದರು ಒಬ್ಬರು. ಟೈಪಿಂಗ್ ಕಲಿತರೆ ಬಂಟ್ವಾಳದ ಕೋರ್ಟಿನಲ್ಲಿ ಕೆಲಸ ಸಿಗುತ್ತದೆ ಎಂದರು ಇನ್ನೊಬ್ಬರು. ಹೊಲಿಗೆಗೂ ಟೈಪಿಂಗಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ಎರಡರಲ್ಲೂ ಬೆರಳು ಚುರುಕಾಗಿರಬೇಕಲ್ಲ ಎಂಬ ಉತ್ತರ ಬಂತು. ಪಕ್ಕದ ಮನೆಯ ಅಜ್ಜಿ ಮಾತ್ರ, ಸರ್ಟಿಫಿಕೇಟಿಗೆ ಗಾಜು ಹಾಕಿಸಿಡಿ, ಗಂಡಿನ ಕಡೆಯವರಿಗೆ ತೋರಿಸಲಿಕ್ಕೆ ಆಗುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ನನಗೆ ಬೇಕಾಗಿದ್ದದ್ದು ಒಂದೇ. ಮಂಗಳೂರಿನಲ್ಲಿ ಒಂದು ವರ್ಷದ ತರಬೇತಿ ಮುಗಿಸಿದರೆ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಬಹುದಿತ್ತು. ಅರ್ಜಿಗೆ ಹಿರಿಯರ ಸಹಿ ಬೇಕು. ಅಪ್ಪ ಪೆನ್ನು ತೆಗೆದು, ಸ್ವಲ್ಪ ಯೋಚಿಸಿ, ಮತ್ತೆ ಜೇಬಿಗೆ ಹಾಕಿಕೊಂಡರು. ನಮ್ಮದು ಅಳಿಯಸಂತಾನದ ಕುಟುಂಬ. ನಮ್ಮ ವಿಷಯದಲ್ಲಿ ಕೊನೆಯ ಮಾತು ಅಮ್ಮನ ಅಣ್ಣನದ್ದು. ಅಪ್ಪನ ಅಧಿಕಾರ ನಮ್ಮನ್ನು ಬೈಯುವಲ್ಲಿಗೆ ಮುಗಿಯುತ್ತಿತ್ತು.

ಅಮ್ಮನೂ ನಾನೂ ಮಾವನ ಮನೆಗೆಂದು ಬೆಳ್ತಂಗಡಿಯ ಬಸ್ಸು ಹತ್ತಿದೆವು. ಮಾವ ಜನ್ಮದಲ್ಲಿ ಅಂಗಿ ಹಾಕಿದವರಲ್ಲ. ಮನೆಯಲ್ಲಿ ಬರಿಮೈ, ಹೆಗಲ ಮೇಲೊಂದು ಶಾಲು. ತಾಲೂಕು ಕಚೇರಿಗೆ ಹೋಗುವಾಗ ಶಾಲು ಮಾತ್ರ ಬದಲಾಗುತ್ತಿತ್ತು. ಅಂಥವರು ಅರ್ಜಿಯನ್ನು ಎರಡು ಸಲ ಓದಿಸಿ ಕೇಳಿ, ರವಕೆ ಎಲ್ಲರೂ ಹೊಲಿಯುತ್ತಾರೆ, ನನಗೊಂದು ಅಂಗಿ ಹೊಲಿ ಎಂದುಬಿಟ್ಟರು. ಸರಿಯಾಗಿ ಕೂತರೆ ಸಹಿ, ಕೂರದಿದ್ದರೆ ಗಂಡು ಹುಡುಕುವುದು.

ಟೇಪಿನ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಟೇಪು ಮೈಗೆ ತಾಗಿದ್ದೇ ತಡ, ಮಾವ ಎದೆ ಸೆಟೆಸಿ, ಉಸಿರು ಒಳಗೆಳೆದುಕೊಂಡು ನಿಂತರು. ಅಷ್ಟು ವರ್ಷ ನಾನು ಕಂಡಿದ್ದ ಆ ಹೊಟ್ಟೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಗಿಲ ಮರೆಯಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉಸಿರು ಬಿಡಿ ಎಂದು ಕುಟುಂಬದ ಯಜಮಾನನಿಗೆ ಹೇಳುವುದು ಹೇಗೆಂದು ಹೊಲಿಗೆ ಶಾಲೆಯಲ್ಲಿ ಕಲಿಸಿರಲಿಲ್ಲ. ಟೇಪು ತೋರಿಸಿದ್ದನ್ನೇ ಬರೆದುಕೊಂಡೆ. ಬಟ್ಟೆ ಕತ್ತರಿಸುವಾಗ ಎರಡಿಂಚು ಜಾಸ್ತಿ ಬಿಡುವ ಎಂದುಕೊಂಡೆ. ಆದರೆ ಅಂಗಿ ಜೋಲಾಡಿದರೆ ಅದೂ ನನ್ನದೇ ತಪ್ಪಾಗುತ್ತಿತ್ತು. ಬಿಡಲಿಲ್ಲ.

ಮುಂದಿನ ವಾರ ಮಾವ ಅಂಗಿ ತೊಟ್ಟರು. ಉಸಿರು ಹಿಡಿದಿರುವಷ್ಟು ಹೊತ್ತು ಅದು ಬಹಳ ಚೆನ್ನಾಗಿ ಕೂತಿತು. ಸೋಲು ಒಪ್ಪುವ ಪೈಕಿ ಅವರಲ್ಲ. ಅರ್ಧ ಗಂಟಲಿನಲ್ಲಿ "ಸರಿ ಉಂಟು" ಎಂದವರೇ ಗೋಡೆಗೆ ಕಾಗದ ಒತ್ತಿ, ನಿಂತುಕೊಂಡೇ ಸಹಿ ಹಾಕಿದರು.

ನನ್ನನ್ನು ಸೇರಿಸಲು ಮಂಗಳೂರಿಗೆ ಅವರೇ ಬಂದರು, ಅದೇ ಅಂಗಿಯಲ್ಲಿ. ಬಸ್ಸಿನಲ್ಲಿ ಪರಿಚಯದವರು ಎದ್ದು ಜಾಗ ಕೊಟ್ಟರೂ ಇರಲಿ ಇರಲಿ ಎನ್ನುತ್ತ ಅಷ್ಟು ದೂರವೂ ನಿಂತೇ ಬಂದರು. ಆದರೆ ತರಬೇತಿ ಶಾಲೆಯ ಮುಖ್ಯೋಪಾಧ್ಯಾಯಿನಿ ಬಿಡಲಿಲ್ಲ. ನಿಂತು ಮಾತಾಡುವ ಪದ್ಧತಿ ಇಲ್ಲಿಲ್ಲ ಎಂದು ಕುರ್ಚಿ ತೋರಿಸಿದರು. ಮಾವ ಕೂತರು. ಹೊಟ್ಟೆಯ ಮೇಲಿನ ಗುಂಡಿ ಹಾರಿ ಮೇಜಿನ ಮಸಿಕುಡಿಕೆಗೆ ಟಣ್ಣನೆ ಬಡಿಯಿತು. ಹಿಂದೆಯೇ ಇನ್ನೊಂದು.

ಆಕೆ ಗುಂಡಿಯನ್ನು ನೋಡಿದರು, ಬಿರಿದ ಅಂಗಿಯನ್ನು ನೋಡಿದರು, ಕೈಯಲ್ಲಿದ್ದ ನನ್ನ ಅರ್ಜಿಯನ್ನು ನೋಡಿದರು.

"ಇದನ್ನು ಹೊಲಿದದ್ದು ಈ ಹುಡುಗಿಯಾ?"

ಮಂಗಳೂರು ಕೈತಪ್ಪಿತು ಎಂದುಕೊಂಡೆ. ಮೂರೂರಿನ ಪಂಚಾಯಿತಿಕೆಗಳಲ್ಲಿ ಒಮ್ಮೆಯೂ ತಲೆ ತಗ್ಗಿಸದ ಮಾವ ನೆಲ ನೋಡುತ್ತ ಕೂತಿದ್ದರು. ಆಮೇಲೆ ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಿದರು.

"ಹೊಲಿಗೆಯಲ್ಲಿ ದೋಷ ಇಲ್ಲ, ಅಮ್ಮ. ಅಳತೆ ಕೊಡುವಾಗ ನಾನು ಹೊಟ್ಟೆ ಒಳಗೆ ಎಳೆದುಕೊಂಡಿದ್ದೆ."

ಆಕೆ ನಗಲಿಲ್ಲ. ಅಂಗಿಯ ತೋಳು, ಕಾಲರು ತಿರುಗಿಸಿ ನೋಡಿ, ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು. ನನಗೆ ಅಳು ಬಂದುಬಿಟ್ಟಿತು. ಮಾವ ಬಗ್ಗಿ ಕುರ್ಚಿಯ ಕೆಳಗೆ ಬಿದ್ದಿದ್ದ ಎರಡನೆಯ ಗುಂಡಿ ಹೆಕ್ಕಿ, ನನ್ನ ಅಂಗೈಗೆ ಹಾಕಿ, ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಪೂರ್ತಿ ಹೊರಗೆ ಬಿಟ್ಟರು.