ಆಳೆತ್ತರದ ನೀರು

ಈಗ ಬ್ಯಾಂಕಿಗೆ ಹೋದರೆ ಒಂದು ಮೂಲೆಯಲ್ಲಿ ನೀರಿನ ಕ್ಯಾನು ಬುಡಮೇಲಾಗಿ ಕೂತಿರುತ್ತದೆ. ಮೊನ್ನೆ ನಾನು ಸಾಲಿನಲ್ಲಿ ನಿಂತಿದ್ದಾಗ ಅಲ್ಲಿಯ ಕಸ ಗುಡಿಸುವ ಹೆಂಗಸು ತುಂಬಿದ ಕ್ಯಾನನ್ನು ತಬ್ಬಿ ಹಿಡಿದು, ಎದೆಮಟ್ಟಕ್ಕೆ ಎತ್ತಿ, ಒಂದೇ ಉಸಿರಿಗೆ ತಿರುಗಿಸಿ ಕೂರಿಸಬೇಕಾಯಿತು. ಒಂದು ತಂಬಿಗೆಯಷ್ಟು ನೀರು ಅವಳ ಸೀರೆಗೇ ಹೋಯಿತು. ಸಾಲಿನಲ್ಲಿದ್ದ ಗಂಡಸರು "ಜಾಗ್ರತೆ, ಜಾಗ್ರತೆ" ಎಂದರೇ ಹೊರತು ಒಬ್ಬರೂ ಕೈ ಹಾಕಲಿಲ್ಲ. ನನಗೆ ಮೈ ಉರಿಯಿತು. ಆ ಏರ್ಪಾಟು ಮಾಡಿದವನು ಒಂದು ದಿನವೂ ಅದಕ್ಕೆ ನೀರು ತುಂಬಿದವನಲ್ಲ, ನೋಡಿದರೇ ಗೊತ್ತಾಗುತ್ತದೆ. ಹಾಗೆ ಎತ್ತಬೇಕಾಗದಂಥದ್ದನ್ನು ನಾನು ಒಮ್ಮೆ ಮಾಡಿದ್ದೆ. ನಂಬುವವರು ನಂಬಲಿ, ಬರೆದಿಡುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ಕುಂದಾಪುರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನೂ ಅಬ್ಬಿಯೂ ಕೆಲಸಕ್ಕಿದ್ದೆವು. ಅಬ್ಬಿ ಎಂದರೆ ನನ್ನನ್ನು ಹೆತ್ತವಳು. ಅಪ್ಪ ತೀರಿಕೊಂಡ ಮೇಲೆ ಅವಳು ಬೈಂದೂರಿನ ಹತ್ತಿರ ಅಣ್ಣನ ಮನೆಯಲ್ಲಿ ಎರಡು ವರ್ಷ ಇದ್ದಳು. ಅಲ್ಲಿ ಎಲ್ಲರದ್ದೂ ಆದ ಮೇಲೆ, ಒಲೆಯ ಬುಡದಲ್ಲಿ ಕೂತು ಉಣ್ಣಬೇಕಿತ್ತು. ಒಂದು ದಿನ ನನ್ನನ್ನು ಸೊಂಟಕ್ಕೇರಿಸಿಕೊಂಡು, ಇನ್ನು ಅನ್ನ ಕೇಳಿಕೊಂಡು ಈ ಮನೆಯ ಹೊಸಿಲಿಗೆ ಬರುವುದಿಲ್ಲ ಎಂದು ಹೇಳಿ ಹೊರಟುಬಂದಳು. ಹೇಳಿದ ಮಾತಿನಂತೆ ನಡೆದಳು ಕೂಡ.

ನನ್ನ ಕೆಲಸ ಹಸಿ ಹಂಚಿನ ಅಂಚು ಕೆರೆಯುವುದು. ಅವಳದ್ದು ನೀರಿನ ಕೆಲಸ. ಭಟ್ಟಿಯ ಕಾವಿನಲ್ಲಿ, ಮಣ್ಣಿನ ರಾಶಿಯಲ್ಲಿ ದುಡಿಯುವ ಎಪ್ಪತ್ತೆಂಬತ್ತು ಮಂದಿಗೆ ಕುಡಿಯುವ ನೀರು ಒದಗಿಸಬೇಕು. ಹೊಳೆಬದಿಯ ಬಾವಿಯ ನೀರು ಉಪ್ಪು. ಸಿಹಿನೀರಿನ ಬಾವಿ ಇದ್ದದ್ದು ಕಾರ್ಖಾನೆಯ ಹಿಂದಿನ ದರೆಯ ಮೇಲೆ. ಗುಡ್ಡ ಕಡಿದಾಗ ಉಳಿದ ಕೆಂಪುಕಲ್ಲಿನ ಗೋಡೆಗೆ ನಮ್ಮಲ್ಲಿ ದರೆ ಎನ್ನುತ್ತಾರೆ. ಇದು ಎರಡಾಳು ಎತ್ತರ ಇತ್ತು. ಬಾವಿಯಿಂದ ಸೇದಿ, ಕೊಡಪಾನ ಸೊಂಟದಲ್ಲಿಟ್ಟುಕೊಂಡು, ದರೆಯಲ್ಲಿ ಕಡಿದ ಮೆಟ್ಟಿಲು ಇಳಿದು ಅಂಗಳಕ್ಕೆ ಬರಬೇಕು. ಅಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಅಂಗಳದಲ್ಲಿ ಕಲ್ಲಿನ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ನಲ್ಲಿ ಇರುವ ತಗಡಿನ ಡ್ರಮ್ಮು. ಅದರ ಬಾಯಿ ನನ್ನ ತಲೆಯಿಂದ ಒಂದು ಮೊಳ ಮೇಲೆ. ಮಣೆ ಹತ್ತಿ, ತುಂಬಿದ ಕೊಡಪಾನವನ್ನು ತಲೆಗಿಂತ ಮೇಲೆತ್ತಿ ಸುರಿಯಬೇಕು. ದಿನಕ್ಕೆ ನಲವತ್ತು ಸಲ.

ಅಷ್ಟು ಎತ್ತರ ಯಾಕೆ ಎಂದು ಕೇಳಿದರೆ ಮೇಸ್ತ್ರಿಯ ಹತ್ತಿರ ಉತ್ತರ ಸಿದ್ಧ ಇರುತ್ತಿತ್ತು. "ಕುಡು ನೀರ್ ಆಳೆತ್ರದಗೆ ಇರ್ಕ್. ಕಾಲ್ ತಾಗೂಕಾಗ, ಎಂಜ್ಲ್ ತಾಗೂಕಾಗ." ಕಾಲೂ ಎಂಜಲೂ ತಾಗಬಾರದಂತೆ. ಎದುರಿಗೆ ನಾವು ಅವನನ್ನು ಮೇಸ್ತ್ರಿಯರೇ ಎಂದೇ ಕರೆಯುತ್ತಿದ್ದೆವು. ಬರೆಯುವಾಗ ಇಷ್ಟು ಮರ್ಯಾದೆ ಸಾಕು.

ಒಂದು ಬೇಸಗೆಯಲ್ಲಿ ಮಣೆಯ ಕಾಲು ಜಾರಿ ಅಬ್ಬಿ ಕೊಡಪಾನ ಸಮೇತ ಬಿದ್ದಳು. ಬಲಭುಜದ ಕೀಲು ತಪ್ಪಿತು. ನಾಟಿ ವೈದ್ಯರು ಎಳೆದು ಕೂರಿಸಿ, ಎಣ್ಣೆ ಹಚ್ಚಿ ಕಟ್ಟಿದರು. ಹದಿನೈದು ದಿನದಲ್ಲಿ ಎದ್ದು ಬಂದಳು. ಹಗ್ಗ ಜಗ್ಗುತ್ತಿದ್ದಳು, ಎಡಸೊಂಟದಲ್ಲಿ ಕೊಡಪಾನ ಹೊತ್ತು ಮೆಟ್ಟಿಲು ಇಳಿಯುತ್ತಿದ್ದಳು. ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬೇಕಾದ್ದೆಲ್ಲ ಮಾಡುತ್ತಿದ್ದಳು, ಆ ಕೊನೆಯ ಒಂದು ಮೊಳ ಮಾತ್ರ ಆಗುತ್ತಿರಲಿಲ್ಲ.

ಮೇಸ್ತ್ರಿ ಎಲ್ಲರೆದುರು ಹೇಳಿದ: "ಎತ್ತುಕಾತಿಲ್ಲ ಅಂದ್ರೆ ನೀರಿನ್ ಕೆಲ್ಸ ಎಂತಕೆ ಹೆಣೆ? ತಿಂಗ್ಳ್ ಮುಗಿವರಿಗೆ ಕಾಂತೆ. ಆಮೇಲೆ ಬೇರೆಯವ್ರ್ ಬತ್ರ್."

ಮಧ್ಯಾಹ್ನ ಗಂಜಿಯ ಪಾತ್ರೆ ಬಿಚ್ಚಿದ ಅಬ್ಬಿ ಹಾಗೇ ಮುಚ್ಚಿದಳು. "ಈ ಕೆಲ್ಸ ಹೋರೆ ನಿನ್ ಒಬ್ಳ್ ದುಡ್ಮೆಯಂಗೆ ಆತಿಲ್ಲ. ಅಣ್ಣನ್ ಮನಿ ಬಾಗ್ಲಿಗೇ ಹೋಯ್ಕ್" ಎಂದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಅಳಲಿಲ್ಲ, ಗಂಜಿಯ ಪಾತ್ರೆಯನ್ನೇ ನೋಡುತ್ತ ಕೂತಳು. ನನಗೆ ಮೇಸ್ತ್ರಿಯ ಮೇಲೆ, ಮಾವನ ಮೇಲೆ, ಆ ಕಟ್ಟೆ ಕಟ್ಟಿದವರ ಮೇಲೆ ಒಟ್ಟಿಗೇ ಸಿಟ್ಟು ಬಂತು. ನನಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಸಿಟ್ಟು ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ.

ಅವಳು ಕೊಡಪಾನ ತಂದಾಗಲೆಲ್ಲ ನಾನು ಹಂಚು ಬಿಟ್ಟು ಓಡಿಬಂದು ಎತ್ತಿ ಸುರಿಯತೊಡಗಿದೆ. ನಾಲ್ಕನೆಯ ದಿನ ಮಣೆಯ ಮೇಲೆ ನಿಂತಿದ್ದಾಗ ದರೆಯ ಕಡೆ ಕಣ್ಣು ಹೋಯಿತು. ಬಾವಿಕಟ್ಟೆ ಅಲ್ಲಿ, ನನ್ನ ತಲೆಗಿಂತಲೂ ಎಷ್ಟೋ ಮೇಲೆ. ಅಷ್ಟು ಎತ್ತರದಲ್ಲಿದ್ದ ನೀರನ್ನು ನಾವು ಕಷ್ಟಪಟ್ಟು ಕೆಳಗಿಳಿಸುತ್ತೇವೆ, ಇಳಿಸಿದ ಮೇಲೆ ಮತ್ತೆ ಮೇಲೆತ್ತುತ್ತೇವೆ! ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಹುಟ್ಟಾ ದಡ್ಡಿ, ನನಗೂ ಬಿದ್ದಿರಲಿಲ್ಲ.

ಮೊದಲು ಅಡಿಕೆಮರ ಸೀಳಿ ತಿರುಳು ತೆಗೆದ ದಂಬೆಯನ್ನು ದರೆಯಿಂದ ಡ್ರಮ್ಮಿಗೆ ಇಳಿಜಾರಾಗಿ ಕಟ್ಟಿದೆ. ಮೇಲಿನಿಂದ ಸುರಿದರೆ ನೀರು ತಾನಾಗಿ ಡ್ರಮ್ಮಿಗೆ ಬಿತ್ತು. ಎರಡೇ ದಿನ. ಕಾಗೆಗಳು ಅದರಲ್ಲೇ ಮೀಯತೊಡಗಿದವು, ಭಟ್ಟಿಯ ಬೂದಿಯೂ ಬಂತು. ಆಮೇಲೆ ಎಲ್ಲಿಂದಲೋ ರಬ್ಬರಿನ ಪೈಪು ತಂದೆ. ನೀರಿಗೆ ಸುಟ್ಟ ಚಪ್ಪಲಿಯ ವಾಸನೆ ಬಂತು. ಜನ ಬಾಯಿಗೆ ಹಾಕಿ ಉಗಿದರು. ಮೇಸ್ತ್ರಿ ನಕ್ಕ. ನಗಲಿ ಎಂದುಕೊಂಡೆ, ತಿಂಗಳು ಮುಗಿಯಲು ಇನ್ನೂ ಹತ್ತು ದಿನ ಇತ್ತು.

ಬಾಯ್ಲರು ನೋಡಿಕೊಳ್ಳುವ ಫಿಟ್ಟರ್ ಒಬ್ಬರಿದ್ದರು, ಕಡಿಮೆ ಮಾತಿನ ಮನುಷ್ಯ. ಅವರ ಹತ್ತಿರ ಹೋಗಿ ಹೇಳಿದೆ, "ಹ್ವಾಯ್, ಡ್ರಮ್ಮಿಗೆ ನೀರ್ ತಕಂಡ್ ಬಪ್ಪುದ್ ಎಂತಕೆ? ಡ್ರಮ್ಮನ್ನೇ ನೀರಿನ್ ಹತ್ರ ತಕಂಡ್ ಹೋರೆ ಆತಿಲ್ಯಾ?" ಅವರು ಬೀಡಿ ಕೆಳಗಿಟ್ಟು ದರೆಯನ್ನು ನೋಡಿದರು, ನನ್ನನ್ನು ನೋಡಿದರು. "ಆತ್ತ್" ಎಂದರು.

ಭಾನುವಾರ ರಜೆ. ನಾವು ಮೂವರೇ. ಬಾವಿಯಿಂದ ಹತ್ತು ಹೆಜ್ಜೆ ದೂರ, ದರೆಯ ಅಂಚಿನಲ್ಲಿ ನಾನೂ ಅಬ್ಬಿಯೂ ಗುಂಡಿ ತೋಡಿದೆವು. ಅವಳು ಎಡಗೈಯಲ್ಲೇ ಮಣ್ಣು ಗೋರಿದಳು. ಡ್ರಮ್ಮನ್ನು ಕಟ್ಟೆಯಿಂದ ಇಳಿಸಿ, ಹಗ್ಗ ಕಟ್ಟಿ ಮೇಲೆಳೆದು, ಬಾಯಿ ಮೊಣಕಾಲಿನ ಮಟ್ಟಕ್ಕೆ ಬರುವಷ್ಟು ಹೂತೆವು. ಇನ್ನು ಎತ್ತುವುದೇ ಇಲ್ಲ. ಸೊಂಟದಿಂದ ಕೊಡಪಾನ ಬಗ್ಗಿಸಿದರೆ ಸಾಕು. ಗುಜರಿಯಲ್ಲಿ ಬಿದ್ದಿದ್ದ ಕಬ್ಬಿಣದ ಪೈಪನ್ನು ಉಜ್ಜಿ ತೊಳೆದು, ಡ್ರಮ್ಮಿನ ಬುಡದಿಂದ ದರೆಯ ಮೈಗುಂಟ ಕೆಳಗಿಳಿಸಿದರು ಫಿಟ್ಟರ್. ಹಳೆಯ ನಲ್ಲಿ ಸವೆದಿತ್ತು. ನಾನು ಬ್ರಹ್ಮಾವರದ ಸಂತೆಯಿಂದ ಹಿತ್ತಾಳೆಯದ್ದು ತಂದಿದ್ದೆ. ಅದನ್ನು ಅಂಗಳದಲ್ಲಿ ಎದೆಮಟ್ಟಕ್ಕೆ ಕೂರಿಸಿದರು. ಮೊದಲ ಸಲ ತಿರುಗಿಸಿದಾಗ ನೀರು ಅವರ ಮುಖಕ್ಕೇ ಹೊಡೆಯಿತು. ಮಣೆಯಿಂದ ಬಿದ್ದ ಮೇಲೆ ಅಬ್ಬಿ ಮೊದಲ ಸಲ ನಕ್ಕದ್ದು ಅವತ್ತೇ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬೋಳುಕಟ್ಟೆ ನೋಡಿ ಕೂಗಾಡಿದ. "ಯಾರ್ನ್ ಕೇಂಡ್ ಮಾಡದ್ದ್ ಇದ್?"

"ಕೇಂಡ್ರೆ ಬ್ಯಾಡ ಅಂತಿದ್ರಿ. ಅದ್ಕೇ ಕೇಣ್ಲಿಲ್ಲ" ಎಂದೆ.

ಅವನ ಸಿಟ್ಟಿಗೆ ನಾನು ತಯಾರಾಗಿದ್ದೆ. ತಯಾರಾಗಿರದಿದ್ದದ್ದು ನಮ್ಮವರಿಗೇ. ಹತ್ತು ಗಂಟೆಗೆ ಜನ ಬಂದರು, ನಲ್ಲಿ ನೋಡಿದರು, ದರೆಯ ಮೇಲೆ ನೋಡಿದರು, ಒಬ್ಬರೂ ಕೈಯೊಡ್ಡಲಿಲ್ಲ. ಡ್ರಮ್ಮಿನ ಪಕ್ಕದಲ್ಲೇ ಮೇಲಿನ ಕೇರಿಯ ಕಾಲುದಾರಿ ಇತ್ತು. ಮಣ್ಣು ಮೆಟ್ಟುವವರಲ್ಲೆಲ್ಲ ಹಿರಿಯಳಾದ, ಮಡಿಯಲ್ಲಿ ಬಿಗಿಯಾದ ಒಬ್ಬ ಮುದುಕಿ ತೀರ್ಪು ಕೊಟ್ಟಳು: "ನೆಲದಗ್ ಹುಗ್ದ್ ನೀರ್, ಜನ ದಾಟ್ಕಂಡ್ ಹೋಪುದ್. ಕಾಲಡಿ ನೀರ್ ಕುಡುಕಾಗ." ಎಲ್ಲರೂ ತಲೆಯಾಡಿಸಿದರು. ಗಂಟಲೊಣಗಿದವರು ಹೊಳೆಬದಿಯ ಉಪ್ಪುನೀರನ್ನೇ ಮುಖ ಕಿವುಚಿಕೊಂಡು ಕುಡಿದರು. ಆ ಉಪ್ಪುನೀರಿನ ಬಾವಿಗೆ ಕಟ್ಟೆಯೂ ಇರಲಿಲ್ಲ.

ಎರಡನೆಯ ದಿನ ನನಗೆ ತಡೆಯಲಾಗಲಿಲ್ಲ. "ಅತ್ತೆ, ಬಾವಿ ಎಲ್ಲಿತ್ತ್? ಆಕಾಶದಂಗಾ? ಅದೂ ನೆಲದ್ ಒಳ್ಗೇ ಅಲ್ದಾ? ನಮ್ ಎಲ್ಲರ್ ಕಾಲಿಂದ ಕೆಳ್ಗೇ ಅಲ್ದಾ?" ಎಂದು ಅಂಗಳದ ನಡುವೆ ನಿಂತು ಕೂಗಿದೆ. ಮುದುಕಿ ಸೆರಗು ಕೊಡವಿಕೊಂಡು ಹೋದಳು. ವಾದದಲ್ಲಿ ಗೆದ್ದೆ, ನೀರು ಕುಡಿದವರಿಲ್ಲ. ಕಡೆಗೆ ಅಬ್ಬಿಯೇ ಸುಮ್ಮನೆ ಕತ್ತಿ ತೆಗೆದುಕೊಂಡು ಹೋಗಿ ಮುಳ್ಳು ಕಡಿದು ತಂದು, ಡ್ರಮ್ಮಿನ ಸುತ್ತ ಬೇಲಿ ಕಟ್ಟಿ, ಬಾಯಿಗೆ ಹಲಗೆ ಮುಚ್ಚಿದಳು. ಅವರ ಮೂರ್ಖತನಕ್ಕೆ ನಾವು ಬೇಲಿ ಕಟ್ಟಬೇಕೇ ಎಂದು ನಾನು ರೇಗಿದೆ. "ಕಟ್ರೆ ಎಂತ ಹೋಪ್ದ್? ಅವ್ರಿಗೂ ಬಾಯಾರಿಕೆ ಇತ್ತಲೆ" ಎಂದಳು.

ಮೂರನೆಯ ದಿನ ಭಟ್ಟಿಯಿಂದ ಬಿಸಿ ಹಂಚು ಹೊರತೆಗೆಯುವ ಕೆಲಸ. ಆ ಕಾವಿಗೆ ಉಪ್ಪುನೀರು ಯಾವ ಮೂಲೆಗೂ ಸಾಲದು. ಮುದುಕಿಯೇ ನಲ್ಲಿಯ ಹತ್ತಿರ ಬಂದಳು. ಮೇಲೆ ಬೇಲಿಯನ್ನು ಒಮ್ಮೆ ನೋಡಿದಳು. ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು ನಿಂತುಬಿಟ್ಟಳು. ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕಾದ ನೀರನ್ನು ಅಷ್ಟು ವರ್ಷ ಕುಡಿದವಳು ಅವಳು. ಮಣ್ಣಿನಲ್ಲಿ ಹೂತ ಡ್ರಮ್ಮಿನ ನೀರು ಬಾವಿಯ ನೀರಿನಷ್ಟೇ ತಣ್ಣಗಿತ್ತು. ಅದನ್ನು ನಾನು ಲೆಕ್ಕ ಹಾಕಿ ಮಾಡಿದ್ದಲ್ಲ, ಸುಳ್ಳು ಯಾಕೆ ಹೇಳಲಿ. "ತಂಪಿತ್ತ್ ಹೆಣೆ" ಎಂದು ಇನ್ನೆರಡು ಬೊಗಸೆ ಕುಡಿದಳು. ಆಮೇಲೆ ನಲ್ಲಿಯ ಮುಂದೆ ಸಾಲೇ ನಿಂತಿತು.

ತಿಂಗಳು ಮುಗಿಯಿತು. ಅಬ್ಬಿ ಒಬ್ಬಳೇ ನಲವತ್ತಲ್ಲ, ಐವತ್ತು ಕೊಡಪಾನ ತುಂಬುತ್ತಿದ್ದಳು. ನಾನು ಬೀಗುತ್ತಿದ್ದೆ. ಆಗ ಬಂದ ಮೇಸ್ತ್ರಿ. ಮಧ್ಯಾಹ್ನದ ಊಟ ಮುಗಿಸಿ ಜನ ನಲ್ಲಿಯ ಹತ್ತಿರ ಸೇರಿದ್ದರು. ಅವನೂ ಕುಡಿದ, ಬಾಯಿ ಒರೆಸಿಕೊಂಡ, ಸಮಾಧಾನದಲ್ಲೇ ಹೇಳಿದ: "ಒಳ್ಳೇದೇ ಆಯ್ತ್. ಈಗ ಸುಲ್ಬ ಇತ್ತಲೆ, ಇದ್ಕ್ ಬೇರೆ ಜನ ಎಂತಕೆ? ಹೆಂಗ್ಸ್ರ್ ಸರ್ದಿ ಮೇಲೆ ತುಂಬ್ಸ್ಲಿ." ಅಬ್ಬಿಯ ಕಡೆ ತಿರುಗಿ, "ನೀನ್ ನಾಳಿಂದ ಬಪ್ಪುದ್ ಬ್ಯಾಡ" ಎಂದ.

ಅವಳ ಕೆಲಸ ಉಳಿಸಲು ಮಾಡಿದ್ದೇ ಅವಳ ಕೆಲಸ ತಿಂದಿತ್ತು. ಪೈಪು ಕಿತ್ತು ಹೊಳೆಗೆ ಎಸೆಯುತ್ತೇನೆ ಎಂದು ಹಾರೆ ಹುಡುಕುತ್ತ ಹೊರಟೆ. ಅಬ್ಬಿ ನನ್ನ ರಟ್ಟೆ ಹಿಡಿದಳು. ಹಿಡಿದುಕೊಂಡೇ ಮೇಸ್ತ್ರಿಯ ಮುಖ ನೋಡಿ ಹೇಳಿದಳು. ಅಷ್ಟು ವರ್ಷದಲ್ಲಿ ಅವಳು ಅವನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಎತ್ತುಕಾತಿಲ್ಲ ಅಂದಾಗ ಹೋಗ್ ಅಂದ್ರಿ. ಈಗ ಎತ್ತುದೇ ಬ್ಯಾಡ ಅಂದ್ರೂ ಹೋಗ್ ಅಂತ್ರಿ. ನಾ ಹೋತಿಲ್ಲೆ."

ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತಿತು. ಡ್ರಮ್ಮು ಖಾಲಿಯಾಗಿತ್ತು. ಮೇಸ್ತ್ರಿ ಸುತ್ತ ನಿಂತ ಹೆಂಗಸರಿಗೆ, "ಹೋಯ್ನಿ, ಯಾರಾರೂ ಒಬ್ರ್ ತುಂಬ್ಸ್ನಿ" ಎಂದ. ಯಾರೂ ಅಲ್ಲಾಡಲಿಲ್ಲ. ಮತ್ತೊಮ್ಮೆ ಹೇಳಿದ. ಮುದುಕಿ ನಲ್ಲಿಯ ಕೆಳಗೆ ಬೊಗಸೆಯೊಡ್ಡಿದವಳು ಹಾಗೆಯೇ ನಿಂತಿದ್ದಳು. "ನೀರಿನ್ ಕೆಲ್ಸ ಅವ್ಳದ್ದ್" ಎಂದಳು. ಅಷ್ಟೇ.

ಅಬ್ಬಿ ನನ್ನ ರಟ್ಟೆ ಬಿಟ್ಟು, ಕೊಡಪಾನ ಸೊಂಟಕ್ಕಿಟ್ಟುಕೊಂಡಳು. ಮೆಟ್ಟಿಲಿಗೆ ಅಡ್ಡ ನಿಂತಿದ್ದ ಮೇಸ್ತ್ರಿ ಪಕ್ಕಕ್ಕೆ ಸರಿದ. ಆ ವಾರವೂ ಯಾರೂ ಅವಳನ್ನು ಹೋಗು ಎನ್ನಲಿಲ್ಲ, ಆಮೇಲೂ ಎನ್ನಲಿಲ್ಲ.

ಇನ್ನೂ ಆರು ವರ್ಷ ಆ ನೀರು ಅವಳೇ ತುಂಬಿದಳು. ಅಷ್ಟರಲ್ಲಿ ಬೈಂದೂರಿಗೆ ಹೋದದ್ದು ಒಂದೇ ಸಲ, ಅಣ್ಣನ ಮಗಳ ಮದುವೆಗೆ, ಮಾವನೇ ಬಂದು ಎಲೆ ಅಡಿಕೆ ಕೊಟ್ಟು ಕರೆದ ಮೇಲೆ. ಮೊದಲನೆಯ ಪಂಕ್ತಿಯಲ್ಲಿ, ನಡುವಿನ ಎಲೆಯಲ್ಲಿ ಕೂತು ಊಟ ಮಾಡಿದಳು. ನಾಲ್ಕು ದಿನ ಇದ್ದು ಹೋಗು ಎಂದು ಮಾವ ಕೈ ಹಿಡಿದಾಗ, "ಆತಿಲ್ಲೆ ಅಣ್ಣ, ನಾಳಿಕೆ ನಂಗ್ ಕೆಲ್ಸ ಇತ್ತ್" ಎಂದು ಅದೇ ದಿನದ ಬಸ್ಸು ಹತ್ತಿದಳು.